ಬೆನ್ನಿನ ಅಳತೆ

ಒಂಬತ್ತು ವರ್ಷ ನಾನು ಒಬ್ಬಳ ಬೆನ್ನು ನೋಡಿಕೊಂಡು ಬದುಕಿದೆ. ಕೇಳಿದವರು ನಗುತ್ತಾರೆ, ನಗಲಿ. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ನಾವಿಬ್ಬರೂ ಒಂದೇ ಲೈನಿನಲ್ಲಿದ್ದೆವು. ಅಲ್ಲಿ ಹೊಲಿಗೆ ಮಷೀನುಗಳನ್ನು ಬಸ್ಸಿನ ಸೀಟಿನ ಹಾಗೆ ಒಂದರ ಹಿಂದೊಂದು ಹಾಕಿರುತ್ತಾರೆ. ನನ್ನ ಮುಂದಿನ ಮಷೀನು ಅವಳದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ತಲೆ ಎತ್ತಿದಾಗಲೆಲ್ಲ ಕಾಣುತ್ತಿದ್ದದ್ದು ಅವಳ ಬೆನ್ನು, ಹಸಿರು ಕ್ಯಾಪಿನಿಂದ ಕೆಳಗೆ ಇಳಿದ ಗಿಡ್ಡ ಜಡೆ, ಕತ್ತಿನ ಹಿಂದೆ ಒಂದು ಮಚ್ಚೆ, ಒಂದು ಚೂರು ಇಳಿದ ಬಲಭುಜ. ಊಟದ ಬಿಡುವಿನಲ್ಲೂ ಗೋಡೆಗೆ ಒರಗಿ ಪಕ್ಕಪಕ್ಕ ಕೂರುತ್ತಿದ್ದೆವೇ ಹೊರತು ಎದುರುಬದುರಲ್ಲ.

ನಾವು ಹೊಲಿಯುತ್ತಿದ್ದದ್ದು ಗಂಡಸರ ಶರ್ಟು, ಹೊರದೇಶಕ್ಕೆ ಹೋಗುವಂಥದ್ದು. ಅಲ್ಲಿ ಒಬ್ಬಳೇ ಕೂತು ಒಂದು ಇಡೀ ಶರ್ಟು ಹೊಲಿಯುವ ಮಾತೇ ಇಲ್ಲ. ಒಬ್ಬಳು ಜೇಬು ಹಾಕಿದರೆ ಹಾಕಿದಳು, ಜೀವಮಾನವಿಡೀ ಅವಳಿಗೆ ಜೇಬೇ ಗತಿ. ಆದ್ದರಿಂದ ಲೈನಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಬೇಕಾಗಿರಲಿಲ್ಲ. "ಏ ಪಾಕೆಟ್, ಕೈ ಬೇಗ ಆಡ್ಲಿ!" "ಕಫ್ ಎಲ್ಲಿ ಸತ್ಲು?" ಹೀಗೇ ಕೂಗುತ್ತಿದ್ದದ್ದು. ಅವಳು ಕಾಲರ್ ಕೂರಿಸುತ್ತಿದ್ದಳು, ಹಾಗಾಗಿ ಅವಳು ಕಾಲರ್. ನಾನು ತೋಳು ಹಚ್ಚುತ್ತಿದ್ದೆ, ನಾನು ಸ್ಲೀವ್. ನನಗಿಂತ ಮೂರು ವರ್ಷ ಚಿಕ್ಕವಳು, ಬಾಗಲಕೋಟೆ ಕಡೆಯಿಂದ ಗಂಡನ ಜೊತೆ ಬಂದವಳು. ‘ಸ್ಲೀವಕ್ಕಾ’ ಅನ್ನುತ್ತಿದ್ದಳು. ಮಾಗಡಿ ಕಡೆಯ ನನ್ನ ಕಿವಿಗೆ ಮೊದಮೊದಲು ಅವಳ ಮಾತು ಜಗಳದ ಹಾಗೆ ಕೇಳುತ್ತಿತ್ತು. ಆಮೇಲೆ ಅದಿಲ್ಲದಿದ್ದರೆ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಾಲರ್ ಕೂರಿಸಿಯಾದ ಮೇಲೆ ಶರ್ಟು ತೋಳಿಗೆ ಬರಬೇಕು. ಅವಳು ದಾರ ಕತ್ತರಿಸಿ, ತಿರುಗಿ ನೋಡದೆ, ಎಡಗೈಯಲ್ಲಿ ಪೀಸನ್ನು ಹಿಂದಕ್ಕೆ ಚಾಚುತ್ತಿದ್ದಳು. ನಾನು ಮಷೀನಿನಿಂದ ಕಣ್ಣು ತೆಗೆಯದೆ ತೆಗೆದುಕೊಳ್ಳುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಂದು ಪೀಸೂ ನೆಲಕ್ಕೆ ಬೀಳಲಿಲ್ಲ. ಬೆನ್ನು ನೋವು ಎಂದಾಗ ಊಟದ ಬಿಡುವಿನಲ್ಲಿ ಮುಲಾಮು ತಿಕ್ಕುತ್ತಿದ್ದವಳೂ ನಾನೇ. "ಯವ್ವಾ, ಇದೇನ್ ರೊಟ್ಟಿ ಬಡಿಯಾಕತ್ತೀಯೇನ? ಮೆಲ್ಲಕ!" ಎಂದು ಕಿರುಚುತ್ತಿದ್ದಳು. "ಸುಮ್ನೆ ಬಿದ್ಕೊಳೇ" ಎಂದು ಇನ್ನೂ ಜೋರಾಗಿ ತಿಕ್ಕುತ್ತಿದ್ದೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ಹೊಲಿದ ಮಾಲನ್ನು ಕೊನೆಯಲ್ಲಿ ಚೆಕಿಂಗಿನವರು ನೋಡುತ್ತಾರೆ. ಎಲ್ಲಿ ತಪ್ಪಿದೆಯೋ ಅಲ್ಲಿ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸಿ, ಹೊಲಿದವಳ ಮಷೀನಿಗೇ ವಾಪಸ್ ಕಳಿಸುತ್ತಾರೆ. ಅದಕ್ಕೆ ಆಲ್ಟರ್ ಪೀಸ್ ಅನ್ನುತ್ತಾರೆ, ಬಿಚ್ಚಿ ಸರಿಮಾಡಿ ಕೊಡಬೇಕು. ಸರಿಮಾಡಲು ಆಗದ್ದಕ್ಕೆ ಸ್ಟಿಕ್ಕರ್ ಹಾಕುವುದೇ ಇಲ್ಲ. ಅದು ರಿಜೆಕ್ಟ್. ಕತ್ತರಿಯಲ್ಲಿ ಒಂದು ಕಡೆ ಸೀಳಿ ಮೂಲೆಯ ಡಬ್ಬಕ್ಕೆ ಎಸೆಯುತ್ತಾರೆ, ಅದು ಯಾರ ಹತ್ತಿರವೂ ವಾಪಸ್ ಬರುವುದಿಲ್ಲ.

ಒಂಬತ್ತನೇ ವರ್ಷ ನನ್ನನ್ನು ಲೈನ್ ಸೂಪರ್‌ವೈಸರ್ ಮಾಡಿದರು. ನನ್ನ ಬಾಯಿ ಜೋರು ಅಂತಲೇ ಮಾಡಿದ್ದು, ಸುಳ್ಳೇಕೆ ಹೇಳಲಿ. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಅವಳು. ಮನೆಯಿಂದ ಶೇಂಗಾ ಹೋಳಿಗೆ ಮಾಡಿಕೊಂಡು ಬಂದು ಲೈನಿಗೆಲ್ಲ ಹಂಚಿದಳು. ನಾನು ಮಷೀನು ಬಿಟ್ಟು ಎದ್ದು, ಕೈಯಲ್ಲಿ ಪ್ಯಾಡ್ ಹಿಡಿದು ಓಡಾಡತೊಡಗಿದೆ. ಗಂಟೆಗಂಟೆಗೂ ಎಷ್ಟು ಪೀಸ್ ಆಯಿತೆಂದು ಬೋರ್ಡಿನಲ್ಲಿ ಬರೆಯುವುದು, ಕಡಿಮೆಯಾದರೆ ಮೇಲಿನವರಿಂದ ಬೈಸಿಕೊಂಡು ಬಂದು ಕೆಳಗಿನವರನ್ನು ಬೈಯುವುದು, ಇಷ್ಟೇ ನನ್ನ ಕೆಲಸ.

ಒಂದು ದಿನ ಮಧ್ಯಾಹ್ನದ ಮುಂಚೆ ಒಂದು ರಾಶಿ ಶರ್ಟು ಕಾಲರ್ ಸರಿಯಿಲ್ಲ ಎಂದು ವಾಪಸ್ ಬಂತು. ಎಲ್ಲದರಲ್ಲೂ ಕಾಲರಿನ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಮ್ಯಾನೇಜರು ನನ್ನನ್ನು ಗಾಜಿನ ಕೋಣೆಗೆ ಕರೆದು, ಹೊರಗಿನವರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿ ಉಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದವಳೇ ಕೈಯಲ್ಲಿದ್ದ ಶರ್ಟನ್ನು ಹಿಂದಿನಿಂದ ಅವಳ ತಲೆಯ ಮೇಲೆ ಎಸೆದೆ.

"ಕಣ್ಣು ಕಾಣಲ್ವೇನೇ ನಿಂಗೆ? ಒಂಬತ್ತು ವರ್ಷದಿಂದ ಇಲ್ಲಿ ಕತ್ತೆ ಕಾಯ್ತಿದ್ಯಾ? ಕೈಲಾಗದಿದ್ರೆ ಮನೇಲಿ ಬಿದ್ಕೋ ಹೋಗು!"

ಸುತ್ತಲಿನ ಮಷೀನುಗಳು ಒಂದೊಂದಾಗಿ ನಿಂತವು. ಅವಳು ತಿರುಗಲಿಲ್ಲ. ತಲೆಯ ಮೇಲಿಂದ ಶರ್ಟು ತೆಗೆದು ಮಡಿಲಲ್ಲಿಟ್ಟುಕೊಂಡು ಕಾಲರ್ ಬಿಚ್ಚಲು ಶುರುಮಾಡಿದಳು. ಕಿವಿಯ ಹಿಂಭಾಗ ಕೆಂಪಾಗಿತ್ತು.

ಊಟ ಮುಗಿದು ಸ್ವಲ್ಪ ಹೊತ್ತಿಗೆ ಬಟ್ಟೆ ಕತ್ತರಿಸುವ ಸೆಕ್ಷನ್ನಿನಿಂದ ಒಬ್ಬ ಬಂದ. ಒಂದು ಬಂಡಲಿನಲ್ಲಿ ಕತ್ತಿನ ಸುತ್ತು ಓರೆಯಾಗಿ ಕಟ್ ಆಗಿದೆ, ತಪ್ಪು ನಮ್ಮದೇ ಎಂದ. ಓರೆ ಕತ್ತಿಗೆ ಎಂಥ ಕೈಚಳಕದವಳು ಕಾಲರ್ ಕೂರಿಸಿದರೂ ಅದು ಓರೆಯೇ. ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ. ನಾನು ಎರಡು ಸಲ ಅವಳ ಮಷೀನಿನ ಹತ್ತಿರ ಹೋದೆ. ಎರಡು ಸಲವೂ ಬೆನ್ನ ಹಿಂದೆ ನಿಂತು ವಾಪಸ್ ಬಂದೆ. ಸೂಪರ್‌ವೈಸರ್ ಆದವಳು ಲೈನಿನ ಮುಂದೆ ತಪ್ಪಾಯಿತು ಅಂದರೆ ನಾಳೆಯಿಂದ ನನ್ನ ಮಾತು ಯಾರು ಕೇಳುತ್ತಾರೆ ಎಂದುಕೊಂಡೆ. ಥೂ, ನನ್ನ ಮಾತಿಗಿಷ್ಟು.

ಐದೂವರೆಗೆ ಗಂಟೆ ಹೊಡೆಯಿತು. ಎಲ್ಲರೂ ಬಸ್ಸಿಗೆಂದು ಓಡಿದರು. ಅವಳು ಮಾತ್ರ ಮಷೀನಿನ ಮುಂದೆ ಕೂತೇ ಇದ್ದಳು. ನಾನು ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಒರೆಸಿ ಮತ್ತೆ ಬರೆಯುತ್ತಾ ನಿಂತೆ. ಹಿಂದೆ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದಾಗ ಮಷೀನಿನ ಮೇಲೆ ಹಸಿರು ಕ್ಯಾಪು ಇತ್ತು, ಅವಳಿರಲಿಲ್ಲ. ಮಾರನೆಯ ದಿನವೂ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಒಂದು ತಿಂಗಳಿಗೆ ಆ ನಂಬರೇ ಇಲ್ಲ ಎನ್ನುವ ದನಿ ಬಂತು. ಕೆಂಗೇರಿ ಕಡೆ ಎಲ್ಲೋ ಮನೆ ಎಂದು ಗೊತ್ತಿತ್ತು. ಹುಡುಕಿದ್ದರೆ ಸಿಗುತ್ತಿತ್ತು. ನಾನು ಹುಡುಕಲಿಲ್ಲ.

ಮುಂದಿನ ವರ್ಷ ಗಾರ್ಮೆಂಟ್ಸನ್ನೇ ಬೇರೆ ಜಿಲ್ಲೆಗೆ ಎತ್ತಿಕೊಂಡು ಹೋದರು. ನಾನು ಹೋಗಲಿಲ್ಲ. ಹೊಸಹಳ್ಳಿಯಲ್ಲಿ ಎರಡನೇ ಮಹಡಿಯ ಒಂದು ರೂಮಿನಲ್ಲಿ ಮೊದಲಿನಿಂದಲೂ ಇದ್ದೇನೆ. ಕಿಟಕಿಯ ಹತ್ತಿರ ಒಂದು ಹಳೆಯ ಮಷೀನು ಹಾಕಿಕೊಂಡೆ. ಸೀರೆಗೆ ಫಾಲ್ ಹಚ್ಚುವುದು, ಜಿಪ್ಪು ಬದಲಾಯಿಸುವುದು, ಹರಿದದ್ದಕ್ಕೆ ತೇಪೆ, ಇಷ್ಟರಲ್ಲೇ ಹೊಟ್ಟೆ ತುಂಬುತ್ತದೆ. ಮದುವೆಯೊಂದು ಆಗಿತ್ತು. ಆ ಮನುಷ್ಯ ಎಲ್ಲಿದ್ದಾನೆ ಎಂದು ಈಗ ಯೋಚಿಸುವುದೂ ಇಲ್ಲ. ಅಣ್ಣ ಇದ್ದಾನೆ. ಗೌರಿ ಹಬ್ಬಕ್ಕೆ ತವರಿನ ಸೀರೆ ಕೊರಿಯರ್‌ನಲ್ಲಿ ಬರುತ್ತದೆ, ಕೊರಿಯರ್ ಹುಡುಗನಿಗೆ ಸಹಿ ಮಾಡಿಕೊಟ್ಟು ಬಾಗಿಲು ಹಾಕಿಕೊಳ್ಳುತ್ತೇನೆ.

ಒಂಟಿತನ ಎಂದರೆ ಏನೋ ದೊಡ್ಡದು ಎಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ಬೆಳಿಗ್ಗೆ ಎದ್ದು ಹನ್ನೊಂದು ಗಂಟೆಗೆ ಯಾರೋ ಬಂದು ಕೇಳಿದಾಗ "ಗುರುವಾರ ಬನ್ನಿ" ಅನ್ನಲು ಹೋದರೆ ದನಿ ಗೊರಗೊರ ಅನ್ನುತ್ತದೆ. ಅವತ್ತು ಆಡಿದ ಮೊದಲ ಮಾತು ಅದೇ ಎಂದು ಆಗ ಗೊತ್ತಾಗುತ್ತದೆ. ಅರ್ಧ ಪಾವು ಅಕ್ಕಿ ಇಟ್ಟರೂ ಅನ್ನ ಉಳಿಯುತ್ತದೆ. ಕುಕ್ಕರನ್ನು, ಮಷೀನನ್ನು, ಎದುರು ಮನೆಯ ಬೆಕ್ಕನ್ನು ಬೈಯುತ್ತೇನೆ. ಬೈಸಿಕೊಂಡು ತಿರುಗಿ ಎರಡು ಮಾತು ಅನ್ನುವವರು ಯಾರೂ ಇಲ್ಲ. ಎಷ್ಟೋ ಸಲ ಏನಾದರೂ ಹೊಲಿದು ಮುಗಿಸಿ, ಮುಂದೆ ಅವಳಿದ್ದಾಳೆ ಎನ್ನುವ ಹಾಗೆ ತಲೆ ಎತ್ತಿದ್ದೇನೆ. ಮುಂದೆ ಗೋಡೆ ಇರುತ್ತದೆ.

ಹೀಗಿರುವಾಗ ಒಂದು ಭಾನುವಾರ ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಕೆಂಗೇರಿಗೆ ಹೋದೆ. ಊಟ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುವಾಗ ರಸ್ತೆ ಪಕ್ಕ ಒಂದು ಗಿಡಗಳ ನರ್ಸರಿ ಕಾಣಿಸಿತು. ಅದರ ಮುಂದೆ ಒಬ್ಬಳು ಪೈಪು ಹಿಡಿದು, ಮೇಲೆ ನೇತುಹಾಕಿದ್ದ ಕುಂಡಗಳಿಗೆ ನೀರು ಬಿಡುತ್ತಿದ್ದಳು. ನನಗೆ ಕಂಡದ್ದು ಬೆನ್ನು ಮಾತ್ರ. ಬಲಭುಜ ಎಡಕ್ಕಿಂತ ಒಂದು ಚೂರು ಕೆಳಗೆ. ಅವಳೇ. ಮುಖವೇ ಎದುರು ಬಂದಿದ್ದರೂ ಅಷ್ಟು ಬೇಗ ಗುರುತು ಹಿಡಿಯುತ್ತಿರಲಿಲ್ಲವೇನೋ.

ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ವಾಪಸ್ ಬಂದೆ. ಬಂದು ಮಾಡಿದ್ದೇನು? ಕಳ್ಳಿಯ ಹಾಗೆ, ನಿಂತಿದ್ದ ಟೆಂಪೋ ಮರೆಯಲ್ಲಿ ನಿಂತು ನೋಡಿದ್ದು. ಬಿಸಿಲಿಗೆಂದು ಸೀರೆಯ ಮೇಲೆ ಗಂಡನ ಹಳೇ ಚೌಕುಳಿ ಶರ್ಟು ಹಾಕಿಕೊಂಡಿದ್ದಳು. ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದಿತ್ತು. ತೋಳನ್ನು ನಾಲ್ಕು ಮಡಿಕೆ ಮಡಚಿದ್ದಳು. ಕೈ ಎತ್ತಿದಾಗಲೆಲ್ಲ ಆ ಮಡಿಕೆಯೊಳಗೆ ನೀರು ಇಳಿದು, ಅವಳು ಕೈ ಒದರಿಕೊಳ್ಳುತ್ತಿದ್ದಳು. ಹಿಂದೆಂದೋ ಊಟದ ಹೊತ್ತಿನಲ್ಲಿ ಅವಳು ಅಂದದ್ದು ನೆನಪಾಯಿತು: "ಅಕ್ಕಾ, ಇಷ್ಟೊಂದ್ ಅಂಗಿ ಹೊಲದೇವಿ. ನಮ್ಮ ಮೈಗೆ ಹೊಂದೂವಂಥಾದ್ದ ಒಂದರ ಐತೇನು?" ಆಗ ನಾನು, "ನಿಂಗ್ಯಾಕೆ ಶರ್ಟು? ಆಫೀಸಿಗೆ ಹೋಗ್ತೀಯಾ?" ಎಂದು ಅಣಕಿಸಿದ್ದೆ. ಈಗ ಟೆಂಪೋ ಮರೆಯಿಂದ ಅವಳನ್ನು ಕರೆಯಲು ನನಗೆ ಬಾಯಿ ಬರಲಿಲ್ಲ. ಜೋರು ಬಾಯಿ ಬೇಕಾದಾಗ ಎಲ್ಲಿ ಹೋಗಿತ್ತೋ. ಸೀದಾ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು, ಬಟ್ಟೆ ಅಂಗಡಿಗೆ ಹೋಗಿ, ತಿಳಿ ನೀಲಿಯ ಮೇಲೆ ಸಣ್ಣ ಬಿಳಿ ಗೀಟಿನ ಕಾಟನ್ ಬಟ್ಟೆ ಹರಿಸಿಕೊಂಡು ಮನೆಗೆ ಬಂದೆ. ಅವಳಿಗೊಂದು ಶರ್ಟು ಹೊಲಿದುಕೊಟ್ಟು, ಎರಡು ವರ್ಷದಿಂದ ಹೇಳದೆ ಉಳಿಸಿಕೊಂಡಿರುವ ಆ ಒಂದು ಮಾತು ಹೇಳಿಬಿಡಬೇಕು ಎಂದುಕೊಂಡೆ.

ಮನೆಗೆ ಬಂದು ಬಟ್ಟೆ ಹಾಸಿದ ಮೇಲೆ ನನ್ನ ಬಂಡವಾಳ ಬಯಲಾಯಿತು. ಲೆಕ್ಕವಿಲ್ಲದಷ್ಟು ಶರ್ಟಿಗೆ ತೋಳು ಹಚ್ಚಿದವಳಿಗೆ ಒಂದು ಶರ್ಟು ಎಲ್ಲಿಂದ ಶುರುವಾಗುತ್ತದೆ ಎಂದೇ ಗೊತ್ತಿರಲಿಲ್ಲ. ನಮಗೆ ಎಲ್ಲವೂ ಕಟ್ ಆಗಿ ಬಂಡಲ್ ಕಟ್ಟಿಕೊಂಡು ಬರುತ್ತಿತ್ತು. ಫೋನಿನಲ್ಲಿ ವೀಡಿಯೋ ಹಾಕಿದೆ. ಅದರಲ್ಲಿ ಒಬ್ಬಳು "ಫ್ರೆಂಡ್ಸ್, ತುಂಬಾ ಈಸಿ" ಅನ್ನುತ್ತಾ ಎರಡು ನಿಮಿಷದಲ್ಲಿ ನಕ್ಷೆ ಬರೆದು ಮುಗಿಸಿದಳು. ನಿನ್ನ ತಲೆ, ಎಂದು ಫೋನು ಮುಚ್ಚಿಟ್ಟೆ. ಹಳೆಯ ನ್ಯೂಸ್‌ಪೇಪರುಗಳನ್ನು ಅನ್ನದ ಅಗುಳಿನಲ್ಲಿ ಅಂಟಿಸಿ ಉದ್ದ ಮಾಡಿಕೊಂಡೆ. ಗೊತ್ತಿರುವುದರಿಂದ ಶುರುಮಾಡೋಣ ಎಂದು ಮೊದಲು ತೋಳು ಬರೆದೆ. ಬರೆದದ್ದಷ್ಟೇ ಅಲ್ಲ, ಧೈರ್ಯವಾಗಿ ಬಟ್ಟೆಯ ಮೇಲಿಟ್ಟು ಕತ್ತರಿಸಿಯೂ ಬಿಟ್ಟೆ. ಮೈ ಇಲ್ಲದೆ ತೋಳು ಮಾಡುವ ದಡ್ಡಿ ಈ ಭೂಮಿಯ ಮೇಲೆ ಯಾರಾದರೂ ಇದ್ದಾಳೆಯೇ? ಬೀದಿ ಕೊನೆಯ ಟೈಲರ್ ನೋಡಿದ್ದರೆ ನಕ್ಕು ಸಾಯುತ್ತಿದ್ದ. ಮೈಗೆ ತಕ್ಕ ತೋಳಲ್ಲ, ಆ ಎರಡು ತೋಳಿಗೆ ತಕ್ಕ ಮೈ ಮಾಡುವ ಪಾಡು ನನ್ನದಾಯಿತು.

ಅಳತೆ ಎಲ್ಲಿಂದ ತರುವುದು? ಕಣ್ಣು ಮುಚ್ಚಿಕೊಂಡು ಕೈಯನ್ನು ಕೇಳಿದೆ. ಮುಲಾಮು ತಿಕ್ಕಿದ ಕೈಗೆ ಎಲ್ಲ ನೆನಪಿತ್ತು. ಭುಜದಿಂದ ಭುಜಕ್ಕೆ ನನ್ನ ಎರಡು ಗೇಣಿಗೆ ಎರಡು ಬೆರಳು ಕಡಿಮೆ. ಕತ್ತಿನ ಮಚ್ಚೆಯಿಂದ ಸೊಂಟಕ್ಕೆ ಎರಡು ಗೇಣು ಪೂರ್ತಿ. ಬೆನ್ನ ಭಾಗದ ನಕ್ಷೆಯನ್ನು ಪೇಪರಿನ ಮೇಲೆ ಒಂದೇ ಸಲಕ್ಕೆ ಬರೆದೆ, ಅಳಿಸಲಿಲ್ಲ. ಬಲಭುಜವನ್ನು ಬೇಕೆಂದೇ ಅರ್ಧ ಇಂಚು ಇಳಿಸಿದೆ. ಮಷೀನಿನ ಮೇಲೆ ಬಲಕ್ಕೆ ಬಾಗಿ ಬಾಗಿ ಇಳಿದ ಭುಜ ಅದು, ಎರಡನ್ನೂ ಸಮ ಇಟ್ಟರೆ ಅವಳಿಗೆ ಹೊಂದುತ್ತಿರಲಿಲ್ಲ. ಸೋಪಿನ ಚೂರಿನಲ್ಲಿ ಆ ಗೆರೆ ಎಳೆಯುವಾಗ ಅವಳು ಮೊದಲಿನ ಹಾಗೆ ಮುಂದೆಯೇ ಕೂತಿದ್ದಾಳೆ ಅನ್ನಿಸಿತು. ಅವತ್ತು ಮಧ್ಯಾಹ್ನ ನಾನು ಯಾರನ್ನೂ ಬೈಯಲಿಲ್ಲ.

ಮುಂಭಾಗಕ್ಕೆ ಬಂದಾಗ ಕೈ ನಿಂತಿತು. ಅವಳ ಎದೆ ಎಷ್ಟು, ಹೊಟ್ಟೆ ಎಷ್ಟು, ನಿಂತರೆ ಶರ್ಟು ಎಲ್ಲಿಗೆ ಬರಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಸ್ನೇಹಿತೆ ಅನ್ನುತ್ತೇನೆ, ಅವಳನ್ನು ಎದುರಿನಿಂದ ನೆಟ್ಟಗೆ ನೋಡಿದ್ದೇ ಇಲ್ಲ. ಕೊನೆಗೆ ಗಾರ್ಮೆಂಟ್ಸಿನ ಅಭ್ಯಾಸದಂತೆ ‘ಮೀಡಿಯಂ’ ಎಂದುಕೊಂಡು, ನೆನಪಿದ್ದ ಸೈಜಿನ ಅಳತೆ ಹಾಕಿ ಕತ್ತರಿಸಿದೆ. ಮೈ ನೋಡದೆ ಸೈಜು ಹೇಳುವ ರೋಗ ನಮ್ಮ ಗಾರ್ಮೆಂಟ್ಸಿನವರನ್ನು ಬಿಟ್ಟು ಯಾರಿಗೂ ಇಲ್ಲ.

ಕಾಲರ್ ಕೊನೆಗೆ ಉಳಿಯಿತು. ಅದು ಅವಳ ಕೆಲಸ, ನನ್ನದಲ್ಲ. ಆದರೂ ಕೂತೆ. ಕೂರಿಸಿ, ತಿರುಗಿಸಿ, ಇಸ್ತ್ರಿ ಹಾಕಿ ನೋಡಿದರೆ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಗೀಟಿನ ಬಟ್ಟೆಯಾದ್ದರಿಂದ ಓರೆ ಇನ್ನೂ ಎದ್ದು ಕಾಣುತ್ತಿತ್ತು. ಬಿಚ್ಚಿದೆ, ಮತ್ತೆ ಕೂರಿಸಿದೆ, ಮತ್ತೆ ಓರೆ. ನಾಲ್ಕು ಸಲ ಬಿಚ್ಚಿದ ಮೇಲೆ ಬಟ್ಟೆ ಎಳೆ ಬಿಡಲು ಶುರುವಾಯಿತು. ಅವತ್ತು ಅವಳ ತಲೆಯ ಮೇಲೆ ಎಸೆದ ಶರ್ಟಿನ ತಪ್ಪೇ ಇದು. ಅಲ್ಲಿ ತಪ್ಪು ಕಟಿಂಗಿನವರದಾಗಿತ್ತು, ಇಲ್ಲಿ ಪೂರ್ತಿ ನನ್ನದು. ಕತ್ತೆ ಕಾಯ್ತಿದ್ಯಾ ಎಂದು ಕೇಳಲು ನನ್ನ ಹಿಂದೆ ಯಾರೂ ನಿಂತಿರಲಿಲ್ಲ. ಮಷೀನಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.

ಹಾಗೇ ಓರೆ ಕಾಲರಿನ ಶರ್ಟನ್ನು ಮಡಚಿ, ಕವರಿಗೆ ಹಾಕಿಕೊಂಡು ಒಂದು ಮಧ್ಯಾಹ್ನ ನರ್ಸರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಗೇಟಿನ ಹತ್ತಿರ ನರ್ಸರಿಯ ಯಜಮಾನರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ಕಡೆಯ ಹಳೇ ಗೌಡರ ಪೈಕಿ, ದೊಡ್ಡ ಮೀಸೆ.

"ಬನ್ನಿ ತಾಯಿ, ಗುಲಾಬಿ ನೋಡ್ತೀರಾ?"

"ಗಿಡ ಬೇಡ ಸಾರ್. ಇಲ್ಲಿ ನೀರು ಹಾಕ್ತಾರಲ್ಲ, ಬಾಗಲಕೋಟೆಯವರು..."

"ಊಟಕ್ ಹೋಗವ್ರೆ. ಹತ್ತು ನಿಮಿಷಕ್ಕೆ ಬತ್ತಾರೆ, ಕೂತ್ಕೊಳಿ."

ಹತ್ತು ನಿಮಿಷ. ಎರಡು ವರ್ಷ ಕಾದವಳಿಗೆ ಹತ್ತು ನಿಮಿಷ ಕೂರಲು ಆಗಲಿಲ್ಲ. ಕವರನ್ನು ಅವರ ಕೈಗೆ ತುರುಕಿ, "ಇದನ್ನ ಅವರಿಗೆ ಕೊಟ್ಬಿಡಿ. ಸ್ಲೀವ್ ಕೊಟ್ಟಳು ಅನ್ನಿ" ಎಂದೆ.

"ಅದೆಂಥ ಹೆಸರಮ್ಮ?" ಎಂದು ಅವರು ಕೇಳುವಷ್ಟರಲ್ಲಿ ನಾನು ರಸ್ತೆ ದಾಟಿದ್ದೆ.

ಆಮೇಲೆ ಕಾಯುವುದು ಶುರುವಾಯಿತು. ನನ್ನ ನಂಬರೂ ಮನೆಯೂ ಬದಲಾಗಿಲ್ಲ, ಎರಡೂ ಅವಳಿಗೆ ಗೊತ್ತು. ಫೋನು ರಿಂಗಾದಾಗಲೆಲ್ಲ ಸೂಜಿ ಬಿಟ್ಟು ಓಡುತ್ತಿದ್ದೆ. "ಮೇಡಂ, ಲೋನ್ ಬೇಕಾ?" ಎಂದು ಯಾವುದೋ ಹುಡುಗಿ ಕೇಳುತ್ತಿದ್ದಳು. ಒಮ್ಮೆ ತಲೆಕೆಟ್ಟು ಆ ಹುಡುಗಿಯನ್ನೇ, "ಊಟ ಆಯ್ತೇನಮ್ಮ?" ಎಂದು ಕೇಳಿದೆ. ಪಾಪ, ಗಾಬರಿಯಾಗಿ ಇಟ್ಟುಬಿಟ್ಟಳು. ಒಂದು ವಾರ, ಎರಡು ವಾರ, ಮೂರನೇ ವಾರವೂ ಮುಗಿಯಿತು. ರಿಜೆಕ್ಟ್ ಆಯಿತು ಎಂದುಕೊಂಡೆ. ಆ ಶರ್ಟು ನೆಲ ಒರೆಸುವ ಬಟ್ಟೆಯಾಗಿರುತ್ತದೆ, ಆಗಲಿ, ನನಗೆ ಅದೇ ಸರಿ. ಹೀಗೆ ಹೇಳಿಕೊಂಡರೂ ಫೋನನ್ನು ಮಷೀನಿನ ಪಕ್ಕದಿಂದ ಸರಿಸಲಿಲ್ಲ.

ಒಂದು ಸಂಜೆ ದಾರದುಂಡೆ ತರಲು ಮಾರ್ಕೆಟ್ಟಿಗೆ ಹೋಗಿ ಬಂದೆ. ಕೆಳಗಿನ ಮನೆ ಓನರ್ ಆಂಟಿ ಬಾಗಿಲಲ್ಲೇ ನಿಂತಿದ್ದರು.

"ಯಾರೋ ಹೆಂಗಸು ಬಂದಿದ್ರು ಕಣಮ್ಮ ನಿನ್ನ ಕೇಳ್ಕೊಂಡು. ಇಲ್ಲ ಅಂದೆ. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ರು. ಕಾಫಿ ಕೊಡ್ಲಾ ಅಂದ್ರೆ ‘ಬ್ಯಾಡ್ರೀ’ ಅಂದ್ರು. ಇದನ್ನ ಕೊಡಿ ಅಂತ ಕೊಟ್ಟು ಹೋದ್ರು. ಕಾಲರ್ ಬಂದಿದ್ಳು ಅಂತ ಹೇಳ್ಬೇಕಂತೆ. ಅದೇನೋ ನಂಗೆ ಅರ್ಥ ಆಗ್ಲಿಲ್ಲ."

ಅದೇ ಕವರು. ಅದರೊಳಗೆ ಅದೇ ನೀಲಿ. ಅವಳು ಕೂತಿದ್ದ ಮೆಟ್ಟಿಲ ಮೇಲೇ ಕೂತೆ. ವಾಪಸ್ ಕೊಟ್ಟುಬಿಟ್ಟಳಲ್ಲ! ಅಷ್ಟು ದೂರದಿಂದ ಬಂದು, ಕಾದು, ವಾಪಸ್ ಕೊಟ್ಟು ಹೋದಳಲ್ಲ! ದಾರಕ್ಕೆಂದು ಹೋಗದಿದ್ದರೆ ಸಿಗುತ್ತಿದ್ದಳು. ಹಾಳು ದಾರ.

ರೂಮಿಗೆ ಹೋಗಿ ದೀಪ ಹಾಕಿ ಶರ್ಟು ಬಿಡಿಸಿದೆ. ಎದೆಯ ಎರಡು ಗುಂಡಿಗಳ ನಡುವೆ ಒಂದು ಬಿಂದಿ ಅಂಟಿತ್ತು. ಹಣೆಗೆ ಇಡುವ ಬಿಂದಿ, ಅವಳು ಯಾವಾಗಲೂ ಇಡುತ್ತಿದ್ದ ಕಡುಗೆಂಪು ಬಣ್ಣದ್ದು. ಎಲ್ಲೋ ಬೆವರಿಗೆ ಜಾರಿ ಅಂಟಿರಬೇಕು ಎಂದು ಕೀಳಲು ಹೋದೆ. ಆಗ ಜೇಬಿನ ಮೇಲೆ ಇನ್ನೊಂದು ಕಂಡಿತು. ಕಂಕುಳ ಹತ್ತಿರ ಒಂದು, ಕೆಳಗಿನ ಅಂಚಿನಲ್ಲಿ ಎರಡು, ಹೊಟ್ಟೆಯ ಮೇಲೆ ಬರುವ ಗುಂಡಿಯ ಪಕ್ಕ ಒಂದು. ಕೈ ನಿಂತುಹೋಯಿತು. ಎದೆ ಬಿಗಿ, ಹೊಟ್ಟೆಯೂ ಬಿಗಿ, ಜೇಬು ಕೆಳಗಾಗಿದೆ, ಕೈ ಎತ್ತಿದರೆ ಕಂಕುಳಲ್ಲಿ ಎಳೆಯುತ್ತದೆ, ಉದ್ದ ಸಾಲದು. ಒಂದೊಂದು ತಪ್ಪಿಗೆ ಒಂದೊಂದು ಸ್ಟಿಕ್ಕರ್. ಅವಳು ಶರ್ಟನ್ನು ಹಾಕಿಕೊಂಡು ನೋಡಿದ್ದಳು. ಅದು ರಿಜೆಕ್ಟ್ ಅಲ್ಲ, ಆಲ್ಟರ್.

ಹಿಂದೆ ತಿರುಗಿಸಿದೆ. ಬೆನ್ನಿನ ಮೇಲೆ ಒಂದೂ ಬಿಂದಿ ಇರಲಿಲ್ಲ. ಭುಜದಿಂದ ಅಂಚಿನವರೆಗೆ, ಇಳಿದ ಬಲಭುಜದ ಮೇಲೂ, ಎಲ್ಲೂ ಇರಲಿಲ್ಲ.

ಕಾಲರನ್ನು ನೋಡಿದ್ದು ಕೊನೆಗೆ. ಅಲ್ಲೂ ಬಿಂದಿ ಇರಲಿಲ್ಲ, ನನ್ನ ಹೊಲಿಗೆಯೂ ಇರಲಿಲ್ಲ. ಪೂರ್ತಿ ಬಿಚ್ಚಿ, ಎಳೆ ಬಿಟ್ಟ ಕಡೆ ಒಳಗಿನಿಂದ ಸಣ್ಣ ಪಟ್ಟಿ ಕೊಟ್ಟು, ಹೊಸದಾಗಿ ಕೂರಿಸಿದ್ದಳು. ಎರಡು ತುದಿಗಳೂ ಒಂದೇ ಮಟ್ಟ, ಗೀಟಿಗೆ ಗೀಟು ಕೂಡಿತ್ತು. ತನ್ನ ಕೆಲಸ ಮುಗಿಸಿ ಪೀಸನ್ನು ನನ್ನ ಕಡೆ ಚಾಚಿದ್ದಳು. ಅದನ್ನು ಎದೆಗೊತ್ತಿಕೊಂಡು ಕೂತೆ, ಎಷ್ಟು ಹೊತ್ತೋ.

ಬೆಳಿಗ್ಗೆ ಮೊದಲ ಕೆಲಸವೆಂದರೆ ಟೇಪು ಸೆರಗಿಗೆ ಸಿಕ್ಕಿಸಿಕೊಂಡು ಹೊರಟದ್ದು. ಮುಂಭಾಗದ ಅಳತೆಯನ್ನು ಬೆನ್ನ ಹಿಂದೆ ನಿಂತು ತೆಗೆಯಲು ಆಗುವುದಿಲ್ಲ. ನರ್ಸರಿಯಲ್ಲಿ ಅವಳು ಅದೇ ಚೌಕುಳಿ ಶರ್ಟು ಹಾಕಿಕೊಂಡು, ನನಗೆ ಬೆನ್ನು ಮಾಡಿ ನೀರು ಬಿಡುತ್ತಿದ್ದಳು. ಸುತ್ತಿಕೊಂಡು ಹೋಗಿ ಮುಂದೆ ನಿಂತೆ. ಎರಡು ವರ್ಷದಲ್ಲಿ ಕಣ್ಣ ಕೆಳಗೆ ಕಪ್ಪಾಗಿತ್ತು. ಕಪ್ಪಾದದ್ದು ಈಗಲೋ ಅಥವಾ ಮೊದಲೇ ಇತ್ತೋ, ನನಗೆ ಹೇಗೆ ಗೊತ್ತಾಗಬೇಕು? ಅವಳು ನಲ್ಲಿ ನಿಲ್ಲಿಸಿದಳು. ನನ್ನ ಸೆರಗಿನ ಟೇಪು ನೋಡಿದಳು. ಚೌಕುಳಿ ಶರ್ಟಿನ ಗುಂಡಿ ಬಿಚ್ಚಿ, ಅದನ್ನು ಗುಲಾಬಿ ಕುಂಡದ ಮೇಲೆ ಹಾಕಿ, ಎರಡು ಕೈ ಅಗಲಿಸಿ ನಿಂತಳು.

ಸೀರೆಯ ಮೇಲಿಂದಲೇ ಟೇಪು ಸುತ್ತಿದೆ. ಸೆರಗಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು, ಅದೂ ನನಗೆ ಹೊಳೆದಿರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಟೇಪಿನ ಎರಡು ತುದಿ ಹಿಡಿದುಕೊಂಡೇ ಹೇಳಿದೆ:

"ಅವತ್ತು ತಪ್ಪು ನಿಂದಲ್ಲ ಕಣೇ. ಕಟಿಂಗ್‌ನವರದು. ನಂಗೆ ಮಧ್ಯಾಹ್ನಾನೇ ಗೊತ್ತಾಯ್ತು. ನಿಂಗೆ ಹೇಳ್ಲಿಲ್ಲ. ನಂದು ತಪ್ಪಾಯ್ತು."

ಅವಳು ನನ್ನ ತಲೆಯ ಮೇಲಿಂದ ರಸ್ತೆಯ ಕಡೆ ನೋಡುತ್ತಿದ್ದಳು.

"ನಂಗೂ ಗೊತ್ತಿತ್ತು. ಆ ಕಟಿಂಗಿನಾವ ನನ್ನ ಮಷೀನ್ ಮುಂದನ ನಿಂತು ಹೇಳಿ ಹ್ವಾದ." ಅಗಲಿಸಿದ್ದ ಕೈ ಇಳಿಸಿದಳು. "ನೀ ಬಂದ್ ಹೇಳ್ತಿ ಅಂತ, ಗಂಟಿ ಹೊಡದ ಮ್ಯಾಲೂ ಕುಂತಿದ್ದೆ. ನೀ ಆ ಕಡೆ ಮುಖಾ ಮಾಡಿ ಬೋರ್ಡ್ ಬರಕೋತ ನಿಂತಿದ್ದಿ."

ಬೈದದ್ದಕ್ಕೆ ಹೋದಳು ಎಂದು ಎರಡು ವರ್ಷ ಅಂದುಕೊಂಡಿದ್ದೆ. ಬೈದದ್ದಕ್ಕಲ್ಲ. ಕಣ್ಣ ತುಂಬ ನೀರು ಬಂದು ಟೇಪಿನ ಅಂಕಿ ಕಾಣಲಿಲ್ಲ. ಅವಳು ಕತ್ತು ಬಗ್ಗಿಸಿ ತಾನೇ ನೋಡಿದಳು.

"ಮೂವತ್ತೆಂಟು. ಬರಕೋ, ಮತ್ತ ಮರೀತಿ."

ಬರೆದುಕೊಳ್ಳಲು ನಾನು ಏನೂ ತಂದಿರಲಿಲ್ಲ. ಅವಳು ಗಿಡಗಳ ಹೆಸರು ಬರೆಯುವ ಪೆನ್ನು ತಂದು, ನನ್ನ ಅಂಗೈ ಹಿಡಿದು ಅಳತೆಗಳನ್ನು ಒಂದೊಂದಾಗಿ ಬರೆದಳು. ಮನೆಗೆ ಬಾ ಎಂದು ಕರೆಯಲಿಲ್ಲ. ಹೊಸ ನಂಬರು ಕೊಡಲಿಲ್ಲ, ನಾನೂ ಕೇಳಲಿಲ್ಲ. ಚೌಕುಳಿ ಶರ್ಟು ಮತ್ತೆ ಹಾಕಿಕೊಂಡು, ತೋಳು ಮಡಚಿಕೊಂಡು ನಲ್ಲಿ ತಿರುಗಿಸಿದಳು. ನಾನು ಗೇಟಿನವರೆಗೆ ಹೋಗಿದ್ದೆ. ಆಗ ಹಿಂದಿನಿಂದ ಕೂಗಿದಳು.

"ಸ್ಲೀವಕ್ಕಾ! ಆದ ಮ್ಯಾಲ ನೀನ ತಗೊಂಡ್ ಬಾ. ಯಾರ ಕೈಯಾಗರ ಕೊಟ್ಟು ಓಡಿ ಹೋಗಬ್ಯಾಡ."